ಕಟ್ಟೆಗೊಂದು ತೂಬು

ಕೈನಕರಿ, ಕುಟ್ಟನಾಡು
1992 ನವೆಂಬರ್ 9

ಪ್ರೀತಿಯ ಅಕ್ಕ, ತ್ರೇಸ್ಯಾ ಚೇಚಿಗೆ,

ಕೂತಿದ್ದೀಯಾ? ಇಲ್ಲವಾದರೆ ಕೂತು ಓದು. ನಮಗೆ ಲಾಟರಿ ಹೊಡೆದಿದೆ.

ಓಣಂ ಲಾಟರಿ. ಜಾನ್ಸಿಯ ಅಪ್ಪ ಆಲಪ್ಪುಳದ ದೋಣಿಕಟ್ಟೆಯಲ್ಲಿ ಬಾತುಮೊಟ್ಟೆ ಮಾರಿದಾಗ ಅಂಗಡಿಯವನು ಚಿಲ್ಲರೆಯಿಲ್ಲ ಎಂದು ಕೈಗೆ ತುರುಕಿದ ಟಿಕೆಟ್ಟು. ತೆರಿಗೆ ಮುರಿದುಕೊಂಡು ಉಳಿದದ್ದು ಐದು ಲಕ್ಷದ ಹತ್ತಿರ. ಅಂಕಿಯಲ್ಲಿ ಬರೆಯಲು ಧೈರ್ಯ ಬರಲಿಲ್ಲ, ಅಷ್ಟು ಸೊನ್ನೆ ನನ್ನ ಕೈಯಿಂದ ಯಾವತ್ತೂ ಬಂದದ್ದಿಲ್ಲ. ದುಡ್ಡು ಈಗ ಬ್ಯಾಂಕಿನಲ್ಲಿದೆ.

ಯಾರಿಗೂ ಹೇಳಿರಲಿಲ್ಲ. ಆದರೂ ಬೆಳಿಗ್ಗೆ ಪಾತ್ರೆ ಹಿಡಿದು ಮನೆಯೆದುರಿನ ಕಾಲುವೆಗೆ ಇಳಿದರೆ ಆಚೆ ದಡದಿಂದ ಪೆಣ್ಣಮ್ಮ ಕೂಗಿದಳು: “ಏ ಏಲೀ, ನೀನ್ಯಾಕೆ ಇನ್ನೂ ಪಾತ್ರೆ ತಿಕ್ತೀಯೇ? ನೀರಿಗೆಸೆದು ಹೊಸದು ತಗೋ!” ತೋಡಿನುದ್ದಕ್ಕೂ ನಗು. ನಾನೂ ನಕ್ಕೆ. ನಕ್ಕು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಮ್ಮ ಮನೆಯ ಬಾಗಿಲನ್ನು ಹಗಲಲ್ಲಿ ಯಾರೂ ಹಾಕಿದವರಲ್ಲ. ಅದಕ್ಕೇ ಅಭ್ಯಾಸ ತಪ್ಪಿ ಕಿರುಗುಟ್ಟಿತು.

ಒಂದು ಕನಸು ಬೀಳುತ್ತಿದೆ. ಮನೆಯೊಳಗೆಲ್ಲ ನೀರು, ಹಾಲಿನಷ್ಟು ಬೆಳ್ಳಗೆ. ನಮ್ಮ ಬಾತುಗಳು ಮಂಚದ ಸುತ್ತ ತೇಲುತ್ತಿವೆ, ಒಂದೂ ಕೂಗುವುದಿಲ್ಲ. ನಾನು ಕಾಲು ಇಳಿಸಿದರೆ ಬೆದರಿ ಹೋಗಿಬಿಡುತ್ತವೆ. ಹಾಗಾಗಿ ಇಳಿಯದೆ ಕೂತಿರುತ್ತೇನೆ. ಕೆಟ್ಟ ಕನಸಲ್ಲ, ಚೆಂದವೇ ಇದೆ. ಆದರೆ ಎದ್ದಾಗ ಕಾಲು ಜೋಮು ಹಿಡಿದಿರುತ್ತದೆ.

ನಮಗಾಗಿ ಪ್ರಾರ್ಥಿಸು. ಇನ್ನೇನೂ ತೊಂದರೆಯಿಲ್ಲ.

ನಿನ್ನ
ಏಲಿಕುಟ್ಟಿ


ಮಾವ್‌ರೆಂಗ್, ಮೇಘಾಲಯ
1992 ಡಿಸೆಂಬರ್ 1

ಕ್ರಿಸ್ತನಲ್ಲಿ ಪ್ರಿಯ ಸಹೋದರಿ ಏಲಿಕುಟ್ಟಿಗೆ,

ಪತ್ರ ತಲುಪಿತು. ಹಿಗ್ಗಬೇಡ, ಕುಗ್ಗಲೂ ಬೇಡ. ಹಣವೆಂಬುದು ಧೂಳು. ಗಾಳಿ ತಂದದ್ದನ್ನು ಗಾಳಿಯೇ ಒಯ್ಯುತ್ತದೆ. ಬಡತನದ ವ್ರತ ತೊಟ್ಟ ದಿನದಿಂದ ನಾನು ದುಡ್ಡು ಮುಟ್ಟಿಲ್ಲ, ಅದರಿಂದ ನನ್ನ ನಿದ್ರೆ ಎಷ್ಟು ಹಗುರವಾಗಿದೆ ಎಂದು ನಿನಗೆ ಹೇಗೆ ತಿಳಿಸಲಿ! ಇಲ್ಲಿ ಮೋಡಗಳು ಊಟದ ಮನೆಯೊಳಗೇ ಬರುತ್ತವೆ. ಮಕ್ಕಳು ತಟ್ಟೆ ಹಿಡಿದು ಮೋಡದಲ್ಲಿ ಸಾಲು ನಿಲ್ಲುತ್ತಾರೆ. ಯಾರ ಮುಖವೂ ಕಾಣುವುದಿಲ್ಲ, ಚಮಚಗಳ ಸದ್ದು ಮಾತ್ರ. ಸ್ವರ್ಗ ಹೀಗೇ ಇರಬಹುದು ಎಂದುಕೊಳ್ಳುತ್ತೇನೆ.

ಸಿಸ್ಟರ್ ಫಿಲೋಮಿನಾ ಕಾಯಿಲೆಯಾಗಿ ಶಿಲ್ಲಾಂಗಿಗೆ ಹೋದ ಮೇಲೆ ನಮ್ಮ ಮಠದ ಮಕ್ಕಳ ಹಾಸ್ಟೆಲಿನ ದುಡ್ಡಿನ ಪೆಟ್ಟಿಗೆಯ ಕೀಲಿ ನನ್ನ ಸೊಂಟಕ್ಕೆ ಬಂದಿದೆ. ಆದರೂ ನನ್ನ ವ್ರತ ಕೆಟ್ಟಿಲ್ಲ. ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಪೆಟ್ಟಿಗೆ ತೆರೆದು “ನೀವೇ ತಗೊಳ್ಳಿ” ಎನ್ನುತ್ತೇನೆ. ಅವರು ತೆಗೆದುಕೊಳ್ಳುವಾಗ ನಾನು ಕಿಟಕಿಯಾಚೆ ಮಂಜು ನೋಡುತ್ತೇನೆ.

ನೀನೂ ಹಾಗೆಯೇ ಬೇರೆ ಕಡೆ ನೋಡುವುದನ್ನು ಕಲಿ. ನಿನ್ನ ಗಂಡ ವರ್ಕಿಗೂ ಮಗಳು ಜಾನ್ಸಿಗೂ ಆಶೀರ್ವಾದಗಳು.

ಸಿಸ್ಟರ್ ಪ್ಲಾಸಿಡಾ
(ನಿನ್ನ ತ್ರೇಸ್ಯಾ)


ಕೈನಕರಿ
1993 ಜನವರಿ 24

ಪ್ರೀತಿಯ ಚೇಚಿ,

ಕ್ರಿಸ್‌ಮಸ್ಸಿಗೆ ಬಾಳೆಕಾಯಿ ಚಿಪ್ಸ್ ಕಳಿಸಲಿಲ್ಲ, ಬೇಸರಿಸಬೇಡ. ಅಂಚೆಕಚೇರಿಗೆ ಗಂಟು ಹಿಡಿದು ಹೋದರೆ “ಏನು ಏಲಿಕುಟ್ಟಿ, ಚಿನ್ನ ಕಳಿಸ್ತಿದ್ದೀಯಾ?” ಎನ್ನುತ್ತಾರೆ. ಮೀನು ಹುರಿಯುವಾಗ ಕಿಟಕಿ ಮುಚ್ಚುತ್ತೇನೆ, ವಾಸನೆ ಹೋದರೆ ಅದಕ್ಕೂ ಮಾತು. ಪೆಣ್ಣಮ್ಮನ ಮಗಳ ಮದುವೆಗೆ ಹೋಗಲಿಲ್ಲ. ಜಾಸ್ತಿ ಕೊಟ್ಟರೆ ಸೊಕ್ಕು, ಕಡಿಮೆ ಕೊಟ್ಟರೆ ಜಿಪುಣಿ. ಜ್ವರ ಎಂದು ಹೇಳಿ ಕಳಿಸಿದೆ. ಸುಳ್ಳು ಹೇಳಿದ ಮೇಲೆ ನಿಜವಾಗಿಯೂ ಮೈ ಬಿಸಿಯಾಯಿತು.

ಪ್ರತಿ ಶುಕ್ರವಾರ ದೋಣಿ ಹತ್ತಿ ಬ್ಯಾಂಕಿಗೆ ಹೋಗುತ್ತೇನೆ. ತೆಗೆಯುವುದಕ್ಕಲ್ಲ, ಇದೆಯಾ ಎಂದು ಕೇಳುವುದಕ್ಕೆ. ಅಲ್ಲಿನ ಗುಮಾಸ್ತ ಒಳ್ಳೆಯವನು. ನನ್ನನ್ನು ಕಂಡ ಕೂಡಲೇ, “ಚೇಚೀ, ನಿಮ್ಮ ದುಡ್ಡು ಊಟ ಮಾಡಿ ಮಲಗಿದೆ. ಎಬ್ಬಿಸ್ಬೇಡಿ, ಹೋಗಿ” ಎನ್ನುತ್ತಾನೆ. ಅಷ್ಟು ಕೇಳಿದರೆ ಎರಡು ದಿನ ನೆಮ್ಮದಿ.

ನಿನಗೆ ನೆನಪಿದೆಯಲ್ಲ, ನಮ್ಮ ಗದ್ದೆಗಳು ಹೊಳೆಗಿಂತ ಕೆಳಗೆ. ಕಟ್ಟೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟರೆ ಸಾಕು, ಬೆಳಗಾಗುವುದರೊಳಗೆ ಪೈರೆಲ್ಲ ನೀರಡಿ. ನನಗೆ ಈ ದುಡ್ಡೂ ಹಾಗೇ ಕಾಣುತ್ತದೆ. ಒಂದು ರೂಪಾಯಿ ತೆಗೆದರೆ ಅಲ್ಲಿಂದಲೇ ಒಡೆಯುತ್ತದೆ.

ಜಾನ್ಸಿಯ ಅಪ್ಪ ಬಾತುಗಳ ಜೊತೆ ದೂರದ ಗದ್ದೆಗಳಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. “ಅವಕ್ಕೆ ಲಾಟರಿ ವಿಷಯ ಗೊತ್ತಿಲ್ಲ, ಅದಕ್ಕೇ ಅವುಗಳ ಜೊತೆ ಸುಖ” ಎನ್ನುತ್ತಾರೆ.

ನಾವೆಲ್ಲ ಚೆನ್ನಾಗಿದ್ದೇವೆ.

ಏಲಿ


ಮಾವ್‌ರೆಂಗ್
1993 ಫೆಬ್ರವರಿ 16

ಪ್ರಿಯ ಏಲಿಕುಟ್ಟಿ,

ಚಿಪ್ಸ್ ಬಾರದಿದ್ದರೆ ಏನಾಯಿತು? ತ್ಯಾಗವೂ ಒಂದು ಉಡುಗೊರೆ. ಇಲ್ಲಿ ಈಗ ಗೆಣಸಿನ ಕಾಲ. ಬೆಳಿಗ್ಗೆ ಗೆಣಸು, ಸಂಜೆ ಗೆಣಸು. ದೇವರ ದಯೆ ದೊಡ್ಡದು. ಮಕ್ಕಳು ಈಚೆಗೆ ಮೆಲ್ಲಗೆ ಹಾಡುತ್ತಾರೆ. ಚಳಿಗೆ ಇರಬೇಕು.

ನಿನ್ನ ನೆಮ್ಮದಿ ಕೇಳಿ ಸಂತೋಷವಾಯಿತು.

ಪ್ಲಾಸಿಡಾ


ಕೈನಕರಿ
1993 ಮಾರ್ಚ್ 12

ಚೇಚಿ,

ಜಾನ್ಸಿಗೆ ಮಂಗಳೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಈ ತಿಂಗಳೊಳಗೆ ಶುಲ್ಕ ಕಟ್ಟಬೇಕು. ಮುಂದಿನ ವರ್ಷ ನೋಡೋಣ ಮೋಳೆ, ಮಗಳೇ ಎಂದೆ. ಅವಳು ಕೂಗಾಡಲಿಲ್ಲ. “ಲಾಟರಿ ಬರೋಕೆ ಮುಂಚೆ ಆಗಿದ್ರೆ ಸಾಲ ಮಾಡಿ ಕಳಿಸ್ತಿದ್ದೆ ಅಲ್ವಾ ಅಮ್ಮಚ್ಚೀ?” ಎಂದು ಕೇಳಿ ನೀರಿನ ಕಡೆ ತಿರುಗಿ ಕೂತಳು.

ಅದು ನಿಜ, ಚೇಚಿ. ಸಾಲ ಮಾಡಿ ಕಳಿಸುತ್ತಿದ್ದೆ. ಆಗ ನಮ್ಮ ಹತ್ತಿರ ಕಳೆದುಕೊಳ್ಳುವುದಕ್ಕೆ ಏನಿತ್ತು?

ಎಲ್ಲ ಸರಿಹೋಗುತ್ತದೆ. ಹುಡುಗಿಯರ ಮುನಿಸು ಎಷ್ಟು ದಿನ?

ಏಲಿ


ಕೈನಕರಿ
1993 ಏಪ್ರಿಲ್ 2

ಚೇಚಿ,

ಜಾನ್ಸಿ ಮಂಗಳವಾರದಿಂದ ಮನೆಯಲ್ಲಿಲ್ಲ. ಪೆಟ್ಟಿಗೆಯಿಂದ ಏನನ್ನೂ ಮುಟ್ಟಿಲ್ಲ. ಅವಳೇ ಸಾಕಿದ ಬಾತುಗಳನ್ನು ಮಾರಿ ಹೋಗಿದ್ದಾಳೆ. ಜಾನ್ಸಿಯ ಅಪ್ಪ ದೋಣಿ ಹತ್ತಿ ಸಿಕ್ಕಸಿಕ್ಕ ದೋಣಿಕಟ್ಟೆಯಲ್ಲೆಲ್ಲ ವಿಚಾರಿಸುತ್ತಿದ್ದಾರೆ. ಪ್ರಾರ್ಥನೆ ಮಾಡು, ಜೋರಾಗಿ ಮಾಡು.

ಏಲಿ


ಮಾವ್‌ರೆಂಗ್
1993 ಏಪ್ರಿಲ್ 5

ಕ್ರಿಸ್ತನಲ್ಲಿ ಪ್ರಿಯ ಏಲಿಕುಟ್ಟಿಗೆ,

ನನ್ನ ತಂತಿ ಇಷ್ಟರಲ್ಲಿ ತಲುಪಿರಬೇಕು. ಅಂಜಬೇಡ. ಜಾನ್ಸಿ ನನ್ನ ಬಳಿಗೆ ಬಂದಿದ್ದಾಳೆ!

ನಿನ್ನೆ ಮಧ್ಯಾಹ್ನ ಮೋಡ ಇಳಿದಿತ್ತು. ಗೇಟಿನ ಹತ್ತಿರ ಒಂದು ಬೂದುಬಣ್ಣದ ಆಕೃತಿ ಚೀಲ ಹಿಡಿದು ನಿಂತಿತ್ತು. ಯಾರೆಂದು ಕೇಳಿದೆ. “ಪೇರಮ್ಮ, ನಾನು” ಎಂದಿತು. ನನ್ನನ್ನು ದೊಡ್ಡಮ್ಮ ಎಂದು ಕರೆಯುವವಳು ಅವಳೊಬ್ಬಳೇ. ಮೋಡವೇ ಮಾತಾಡಿದಂತಾಯಿತು. ಕೈ ಹಿಡಿದು ಒಳಗೆ ಕರೆತಂದೆ. ಐದು ದಿನದ ರೈಲು, ಬಸ್ಸುಗಳ ಧೂಳು ಮೈಮೇಲೆ.

“ಯಾಕೆ ಬಂದೆ ಮೋಳೆ?” ಎಂದೆ.

“ದುಡ್ಡಿಲ್ಲದ ಜಾಗ ಬೇಕಿತ್ತು ಪೇರಮ್ಮ. ನಮ್ಮನೇಲಿ ದುಡ್ಡು ಬಂದ್ಮೇಲೆ ಯಾರೂ ಮಾತಾಡ್ತಿಲ್ಲ” ಎಂದಳು.

ಏಲೀ, ಇದು ದೇವರ ಕರೆ. ನನಗೆ ಸಂಶಯವೇ ಇಲ್ಲ. ನಾನು ಅವಳ ವಯಸ್ಸಿನಲ್ಲಿ ಇದೇ ಮಾತು ಹೇಳಿ ಮನೆಬಿಟ್ಟಿದ್ದೆ. ಅಡ್ಡ ಬರಬೇಡ. ನಮ್ಮ ವಂಶದಲ್ಲಿ ಇನ್ನೊಂದು ದೀಪ ಹತ್ತುತ್ತಿದೆ.

ಸಿಸ್ಟರ್ ಪ್ಲಾಸಿಡಾ


ಕೈನಕರಿ
1993 ಏಪ್ರಿಲ್ 22

ಸಿಸ್ಟರ್ ಪ್ಲಾಸಿಡಾ ಅವರಿಗೆ,

ತಂತಿ ಬಂದಾಗ ನೆಲದ ಮೇಲೆ ಕೂತು ಅತ್ತೆ. ಪತ್ರ ಬಂದಾಗ ಎದ್ದು ನಿಂತೆ.

ದೀಪವಂತೆ. ನನ್ನ ಮಗಳು ನಿನ್ನ ಮಠಕ್ಕೆ ಎಣ್ಣೆಯಲ್ಲ. ನಿನಗೆ ದುಡ್ಡು ಧೂಳು. ಯಾಕಾಗಬಾರದು? ನಿನ್ನ ಅಕ್ಕಿ ಯಾರೋ ತರುತ್ತಾರೆ, ನಿನ್ನ ಚಪ್ಪಲಿ ಯಾರೋ ಕೊಡಿಸುತ್ತಾರೆ. ಚೇಚಿ, ನೀನು ಹುಟ್ಟಿದ ಮೇಲೆ ಒಂದು ಪೊಟ್ಟಣ ಉಪ್ಪನ್ನಾದರೂ ಕೊಂಡಿದ್ದೀಯಾ? ನಮ್ಮನ್ನು ಹೆತ್ತ ಅಮ್ಮಚ್ಚಿ ಹಾಸಿಗೆ ಹಿಡಿದಾಗ ಔಷಧಿಗೆ ನನ್ನ ಕಿವಿಯೋಲೆ ಹೋಯಿತು. ನಿನ್ನಿಂದ ಬಂದದ್ದು ಒಂದು ಪ್ರಾರ್ಥನೆಯ ಚೀಟಿ. ಅದನ್ನು ಅವಳ ತಲೆದಿಂಬಿನ ಕೆಳಗೆ ಇಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಔಷಧಿ ಅಂಗಡಿಯವನು ಅದನ್ನು ತೆಗೆದುಕೊಳ್ಳಲಿಲ್ಲ.

ಬೇರೆ ಕಡೆ ನೋಡುವುದನ್ನು ಕಲಿ ಎಂದು ನೀನು ಬರೆದಿದ್ದೆ. ನೀನು ಬೇರೆ ಕಡೆ ನೋಡಿದಾಗಲೆಲ್ಲ ಈ ಕಡೆ ನೋಡುವುದಕ್ಕೆ ಯಾರೋ ಒಬ್ಬರು ಬೇಕಾಗಿತ್ತು. ಅದು ನಾನಾಗಿದ್ದೆ.

ಅವಳು ಊಟ ಮಾಡುತ್ತಿದ್ದಾಳಾ? ಅಷ್ಟು ಮಾತ್ರ ಬರೆ.

ಏಲಿಕುಟ್ಟಿ ವರ್ಕಿ


ಮಾವ್‌ರೆಂಗ್
1993 ಮೇ 19

ಏಲೀ,

ಜಾನ್ಸಿ ಊಟ ಮಾಡುತ್ತಿದ್ದಾಳೆ. ಅವಳಿಂದಾಗಿ ನಾವೆಲ್ಲರೂ ಮಾಡುತ್ತಿದ್ದೇವೆ.

ಉಪ್ಪಿನ ಮಾತು ನಿಜ. ನಾನು ಕೊಂಡಿರಲಿಲ್ಲ. ಇನ್ನೂ ಒಂದು ಇದೆ, ನಿನಗೆ ಬರೆಯದೇ ಇದ್ದದ್ದು. ಆ ಗೆಣಸು ದೇವರ ದಯೆಯಿಂದ ಬಂದದ್ದಲ್ಲ. ಪೆಟ್ಟಿಗೆ ಖಾಲಿಯಾಗಿತ್ತು. ನಾನು ಮಂಜು ನೋಡುತ್ತಿದ್ದಾಗ ಕಷ್ಟವಿದ್ದವರೂ ತೆಗೆದುಕೊಂಡರು, ಇಲ್ಲದವರೂ ತೆಗೆದುಕೊಂಡರು. ಸಂತೆಯಲ್ಲಿ ಕಾಂಗ್ ತೈಲಿನ್ ಎಂಬ ಅಂಗಡಿಯಾಕೆ ಬೇಳೆ, ಒಣಮೀನು ಕೊಡುವುದನ್ನು ನಿಲ್ಲಿಸಿದ್ದಳು. ನಾನು ಕೇಳಲು ಹೋಗಲಿಲ್ಲ. ದುಡ್ಡಿನ ಮಾತಾಡಲು ನಾಚಿಕೆ.

ಜಾನ್ಸಿ ಬಂದ ಮೂರನೆಯ ದಿನ ಊಟದ ಮನೆಯಲ್ಲಿ ಕೇಳಿದಳು: “ಪೇರಮ್ಮ, ಇವತ್ತೂ ಗೆಣಸೇನಾ? ಬೇಳೆ ಎಲ್ಲಿ?”

“ದೇವರು ಕೊಟ್ಟಾಗ ಬರತ್ತೆ.”

“ದೇವರು ಕೊಟ್ಟಿದ್ದನ್ನ ನೀವು ಯಾರಿಗೆ ಕೊಟ್ರಿ?”

ಥೇಟು ನಮ್ಮ ಅಮ್ಮಚ್ಚಿಯ ದನಿ. ನನಗೆ ಸಿಟ್ಟು ಬಂತು, ಎದ್ದು ಚಾಪೆಲ್ಲಿಗೆ ಹೋದೆ. ಮಾರನೆಯ ಬೆಳಿಗ್ಗೆ ಪ್ರಾರ್ಥನೆಯಲ್ಲಿ ರಿದಾಹುನ್ ಎಂಬ ಸಣ್ಣ ಹುಡುಗಿ ನಿಂತಲ್ಲೇ ಕುಸಿದಳು. ಶಬ್ದವೇ ಆಗಲಿಲ್ಲ, ಒಗೆದು ಹಾಕಿದ ಬಟ್ಟೆ ಹಗ್ಗದಿಂದ ಜಾರಿದ ಹಾಗೆ. ಜಾನ್ಸಿ ಓಡಿ ಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಡಿ ಹಿಡಿದು, ಕಣ್ಣುರೆಪ್ಪೆ ಎತ್ತಿ ನೋಡಿದಳು, ಸಕ್ಕರೆನೀರು ಕುಡಿಸಿದಳು. ಆಮೇಲೆ ನನ್ನ ಕಡೆ ಕೈಚಾಚಿ, “ಕೀಲಿ ಕೊಡಿ ಪೇರಮ್ಮ” ಎಂದಳು. ಮಗು ಈಗ ಚೆನ್ನಾಗಿದೆ, ಮರ ಹತ್ತುತ್ತದೆ. ಆದರೆ ಆ ದಿನ ನಾನು ನೋಡಲು ಯಾವ ಕಿಟಕಿಯೂ ಉಳಿದಿರಲಿಲ್ಲ.

ಅವಳು ಖಾಲಿ ಪೆಟ್ಟಿಗೆ ತೆರೆದು ನೋಡಿದ ಮೇಲೆ ನಾವಿಬ್ಬರೂ ಸಂತೆಗೆ ಹೋದೆವು. ಕಾಂಗ್ ತೈಲಿನ್ ಮೊಮ್ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೀನು ತೂಗುತ್ತಿದ್ದಳು. ನಮಗೆ ಎಲೆ ಅಡಿಕೆ ಕೊಟ್ಟು ಕೂರಿಸಿದಳು. ಕೊಡುವುದಕ್ಕೆ ದುಡ್ಡಿಲ್ಲ ಎಂದು ಹೇಳಿದೆ. ನನ್ನ ಬಾಯಿಂದ ಆ ಮಾತು ಬರುವಷ್ಟರಲ್ಲಿ ಅಡಿಕೆಯ ರಸಕ್ಕೆ ಕಿವಿ ಬಿಸಿಯಾಗಿತ್ತು.

“ಅದನ್ನ ಹೇಳೋಕೆ ಇಷ್ಟು ತಿಂಗಳು ಬೇಕಾಯ್ತಾ ಸಿಸ್ಟರ್?” ಎಂದು ನಕ್ಕಳು. “ನೀವು ಸಾಮಾನಿನ ಚೀಟಿ ಮಾತ್ರ ಕಳಿಸ್ತಿದ್ರಿ. ದುಡ್ಡಿಲ್ಲ ಅನ್ನೋಕೆ ಮುಖ ತರಬೇಕು. ಮುಖ ಕಂಡಿದ್ರೆ ನಾನು ಮಕ್ಕಳ ಬೇಳೆ ನಿಲ್ಲಿಸ್ತಿದ್ನಾ? ನಾನೂ ಮನೇಲಿ ನಿಮ್ಮನ್ನ ಬೈಕೊಂಡು ಕೂತೆ. ನಂದೂ ತಪ್ಪೇ ಬಿಡಿ.”

ಹಾಸ್ಟೆಲಿನ ಮಕ್ಕಳ ತಂದೆತಾಯಿಯರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ದುಡ್ಡಿಲ್ಲದವರು ಪೊರಕೆ ಹುಲ್ಲು, ಅನಾನಸು ಹೊತ್ತು ತಂದರು. ಅದನ್ನು ಮಾರಲು ನಾನೇ ಸಂತೆಯಲ್ಲಿ ಕೂತೆ, ಏಲೀ. ಮೋಡ ಹಾದುಹೋಗುತ್ತಿತ್ತು. ಮೋಡದೊಳಗಿಂದ ಒಂದು ಕೈ ಬಂದು ಅನಾನಸು ಒತ್ತಿ ನೋಡಿತು, ಇನ್ನೊಂದು ಕೈ ಬಂದು ನೋಟು ನೀಡಿತು. ನಾನು ತೆಗೆದುಕೊಂಡೆ. ಮೆತ್ತಗೆ, ಒದ್ದೆಯಾಗಿ, ಸ್ವಲ್ಪ ಮೀನಿನ ವಾಸನೆ. ಅದು ಧೂಳಲ್ಲ. ಯಾರೋ ದುಡಿದ ದಿನ. ಅದೇ ನೋಟಿಗೆ ಬೇಳೆ ತಂದೆ, ಉಪ್ಪೂ ತಂದೆ.

ಶಿಲ್ಲಾಂಗಿನಲ್ಲಿರುವ ನಮ್ಮ ಮಠದ ಹಿರಿಯ ಮದರ್‌ಗೆ ಎಲ್ಲ ಬರೆದೆ. ಅಕ್ಕಿ ಕಳಿಸಿದರು, ಬೈಗುಳವೂ ಬಂತು. ಕೀಲಿ ವಾಪಸು ಕೇಳುತ್ತಾರೆ ಎಂದುಕೊಂಡಿದ್ದೆ. “ಈಗಷ್ಟೇ ಕಲಿತಿದ್ದೀರಿ, ನಿಮ್ಮಲ್ಲೇ ಇರಲಿ” ಎಂದಿದ್ದಾರೆ.

ಅಮ್ಮಚ್ಚಿ ಅಕ್ಕಿಮಡಕೆಯಲ್ಲಿ ನಾಣ್ಯ ಹೂತಿಡುತ್ತಿದ್ದುದು, ಅಪ್ಪಚ್ಚನ್ ಹುಡುಕಿ ತೆಗೆಯುತ್ತಿದ್ದುದು, ಆಮೇಲಿನ ಆ ಜಗಳ, ನೆನಪಿದೆಯಾ? ನಾವಿಬ್ಬರೂ ಮಂಚದ ಕೆಳಗೆ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ನೀನು ಅಮ್ಮಚ್ಚಿಯ ಹಾಗೆ ಹೂತಿಟ್ಟೆ. ನಾನು ಆ ಮಂಚದ ಕೆಳಗಿಂದ ಎದ್ದು ಬಂದೇ ಇಲ್ಲ.

ಜಾನ್ಸಿಗೆ ಬಂದ ಕರೆ ದೇವರದ್ದೇ ಇರಬಹುದು. ಆದರೆ ಅದು ಬಂದಿರುವುದು ಮಂಗಳೂರಿನಿಂದ. ಅವಳು ಆ ಮಗುವಿನ ನಾಡಿ ಹಿಡಿದದ್ದನ್ನು ನೋಡಿದ್ದರೆ ನೀನೂ ಹೀಗೇ ಹೇಳುತ್ತಿದ್ದೆ.

ನಿನ್ನ ತ್ರೇಸ್ಯಾ


ಕೈನಕರಿ
1993 ಜೂನ್ 26

ಚೇಚಿ,

ನಿನ್ನ ಪತ್ರವನ್ನು ಗದ್ದೆಯ ಕಟ್ಟೆಯ ಮೇಲೆ ಕೂತು ಜಾನ್ಸಿಯ ಅಪ್ಪನಿಗೆ ಓದಿ ಹೇಳಿದೆ. ಸುತ್ತಲೂ ಬಾತುಗಳು. ಮಂಚದ ಕೆಳಗಿನ ಮಾತು ಬಂದಾಗ ಮುಂದೆ ಓದಲು ಆಗಲಿಲ್ಲ. ಅವರು ಕಾಗದ ತೆಗೆದುಕೊಂಡು ಮಡಿಸಿಟ್ಟರು. ಆಮೇಲೆ ಹೇಳಿದರು:

“ಏಲೀ, ಕಟ್ಟೆ ಒಡೆಯತ್ತೆ ಒಡೆಯತ್ತೆ ಅಂತೀಯ. ಕಟ್ಟೆಗೆ ತೂಬು ಯಾಕಿಡ್ತಾರೆ?”

“ನೀರು ಬಿಡೋಕೆ.”

“ಬಿಡದೇ ಇದ್ರೆ?”

“ಪೈರು ಕೊಳೆಯತ್ತೆ.”

“ಮತ್ತೆ? ಬಿಡೋದೂ ಬೇಸಾಯಾನೇ ಅಲ್ವೇನೇ? ಒಡೆಯೋದು ಬೇರೆ, ತೂಬು ಎತ್ತೋದು ಬೇರೆ. ನಮ್ಮ ಕೈಲಿ ಎತ್ತಿ ನಮ್ಮ ಕೈಲೇ ಇಳಿಸ್ತೀವಿ.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ. “ನೀನು ಬಾಗಿಲು ಹಾಕ್ಕೊಂಡಿದ್ದೆಯಲ್ಲೇ” ಎಂದರು. ಅವರು ವಾರಗಟ್ಟಲೆ ಮನೆಗೆ ಬಾರದಿದ್ದುದು ಬಾತುಗಳಿಗಾಗಿ ಎಂದುಕೊಂಡಿದ್ದೆ, ಚೇಚಿ. ಅಲ್ಲ, ನಾನು ಹಾಕಿಕೊಂಡ ಆ ಬಾಗಿಲಿನಿಂದಾಗಿ.

ಶುಕ್ರವಾರ ಬ್ಯಾಂಕಿಗೆ ಹೋದೆ. ಗುಮಾಸ್ತ ಬಾಯಿ ತೆರೆಯುವುದಕ್ಕೆ ಮೊದಲೇ “ಎಬ್ಬಿಸಿ” ಎಂದೆ. ಅವನ ಪೆನ್ನು ಕೆಳಗೆ ಬಿತ್ತು. ಮಂಗಳೂರಿಗೆ ಬರೆದಿದ್ದೆವು. ಒಬ್ಬ ಹುಡುಗಿ ಬಿಟ್ಟುಹೋದ ಸೀಟು ಜಾನ್ಸಿಗೆ ಸಿಕ್ಕಿದೆ. ಬ್ಯಾಂಕಿನಿಂದಲೇ ಡ್ರಾಫ್ಟ್ ಮಾಡಿಸಿ ಶುಲ್ಕ ಕಟ್ಟಿದೆ. ಅದಾದ ಮೇಲೆ ದೋಣಿಕಟ್ಟೆಯ ಹತ್ತಿರ ಹೋಟೆಲಿಗೆ ಹೋಗಿ ಒಬ್ಬಳೇ ಕೂತು ಕರಿಮೀನಿನ ಊಟ ಮಾಡಿದೆ. ಕಿಟಕಿ ತೆರೆದೇ ಇತ್ತು. ಮುಳ್ಳು ಬಿಡಿಸುತ್ತಾ, ಇಷ್ಟೇ ತಾನೇ ಅನ್ನಿಸಿತು. ಏನೂ ಒಡೆಯಲಿಲ್ಲ.

ಹೊಸ ಬಲೆ ಬೇಕು, ಅಳಿಯನಿಗೆ ಅಂಗಡಿ ಬೇಕು ಎಂದು ಈಗಲೂ ಜನ ಬರುತ್ತಾರೆ. ಮೊದಲು ಇಲ್ಲದ ಕಾಯಿಲೆ ಹೇಳುತ್ತಿದ್ದೆ. ಈಗ ಆಗುವುದಾದರೆ ಹೂಂ ಎನ್ನುತ್ತೇನೆ, ಆಗದಿದ್ದರೆ ಇಲ್ಲ ಎನ್ನುತ್ತೇನೆ. ಇಲ್ಲ ಎಂದರೂ ಜನ ಚಹಾ ಕುಡಿದೇ ಹೋಗುತ್ತಾರೆ! ಇದು ನನಗೆ ಗೊತ್ತೇ ಇರಲಿಲ್ಲ.

ಪೆಣ್ಣಮ್ಮನ ಮನೆಗೆ ಮದುಮಗಳಿಗೆಂದು ಸೀರೆ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ನಿಲ್ಲಿಸಿ ಬೈದಳು. “ನೀನು ಏನು ಕೊಡ್ತೀಯ ಅಂತ ಯಾರು ಕಾಯ್ತಿದ್ರೇ? ಊಟಕ್ಕೆ ಬರ್ಲಿಲ್ವಲ್ಲ, ನಿನ್ನ ಎಲೆ ಹಾಕಿ ಕಾದೆ!” ಎಂದು ಅತ್ತುಬಿಟ್ಟಳು. ಎಷ್ಟು ಕೊಡಬೇಕು ಎಂದು ನಾನು ಯೋಚಿಸುತ್ತಾ ಮಲಗಿದ್ದ ಹೊತ್ತಿಗೆ ಅಲ್ಲಿ ನನ್ನ ಎಲೆ ಒಣಗುತ್ತಿತ್ತು.

ಹೋದ ಪತ್ರದಲ್ಲಿ ಕಟುವಾಗಿ ಬರೆದೆ. ತಪ್ಪು ಬರೆದೆ ಎಂದು ಹೇಳುವುದಿಲ್ಲ. ಆದರೆ ಅಮ್ಮಚ್ಚಿ ತಲೆದಿಂಬಿನಡಿಯಿಂದ ತೆಗೆದು ಕೊನೆಯವರೆಗೂ ಕೈಯಲ್ಲಿ ಹಿಡಿದದ್ದು ನಿನ್ನ ಚೀಟಿಯನ್ನು, ಔಷಧಿಯ ಸೀಸೆಯನ್ನಲ್ಲ. ಅದನ್ನೂ ಬರೆಯಬೇಕಿತ್ತು.

ಏಲಿ


ರೈಲಿನಿಂದ
1993 ಜುಲೈ 19

ಚೇಚಿ,

ಅಕ್ಷರಗಳು ಕುಣಿಯುತ್ತಿವೆ, ಬೈಯಬೇಡ. ರೈಲು ಕುಣಿಸುತ್ತಿದೆ. ಜಾನ್ಸಿಯನ್ನು ಕರೆತರಲು ನಾನೇ ಬರುತ್ತಿದ್ದೇನೆ. ನಿನ್ನನ್ನು ನೋಡುವುದಕ್ಕೂ. ಇಷ್ಟು ವರ್ಷ ಟಿಕೆಟ್ಟಿನ ಬೆಲೆ ಕೇಳಿಯೇ ಹಿಂದೆ ಸರಿಯುತ್ತಿದ್ದೆ, ಲಾಟರಿ ಬಂದ ಮೇಲಂತೂ ಕೇಳುವುದನ್ನೂ ಬಿಟ್ಟಿದ್ದೆ. ಜಾನ್ಸಿಯ ಅಪ್ಪ ಬಾತುಗಳನ್ನು ಬಿಟ್ಟು ಬರುವವರಲ್ಲ. ಪೆಣ್ಣಮ್ಮ ಜೊತೆಗಿದ್ದಾಳೆ. ತನ್ನ ಟಿಕೆಟ್ಟು ತಾನೇ ತೆಗೆದುಕೊಂಡಳು. “ನಿನ್ನ ಲಾಟರೀಲಿ ನಾನ್ಯಾಕೆ ಮೋಡ ನೋಡ್ಲಿ? ನಂದೇ ದುಡ್ಡಲ್ಲಿ ನೋಡ್ತೀನಿ” ಎಂದಳು. ಈಗ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಾಳೆ.

ಈ ಕಾಗದವನ್ನು ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಇದಕ್ಕಿಂತ ಮೊದಲು ನಾನೇ ತಲುಪಿದರೂ ತಲುಪಬಹುದು. ಆದರೂ ಈಗ ಆದದ್ದನ್ನು ಈಗಲೇ ಬರೆಯಬೇಕು.

ಮಧ್ಯಾಹ್ನ ಗೋದಾವರಿ ದಾಟಿದೆವು. ನಮ್ಮೂರ ಹಿನ್ನೀರಿನ ಕಾಯಲಿನಷ್ಟೇ ಅಗಲ. ನೀರೂ ಆಕಾಶವೂ ಒಂದೇ ಬಣ್ಣವಾಗಿ, ರೈಲು ಯಾವುದರ ಮೇಲೆ ಹೋಗುತ್ತಿದೆ ಎಂದೇ ತಿಳಿಯಲಿಲ್ಲ. ಬೋಗಿಯವರೆಲ್ಲ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದರು. ನಾನೂ ಚೀಲ ತಡವಿ ಇದ್ದಬದ್ದ ಚಿಲ್ಲರೆಯನ್ನೆಲ್ಲ ಎಸೆದುಬಿಟ್ಟೆ, ಯಾಕೋ ಖುಷಿಯಾಗಿ.

ಆಮೇಲೆ ಸ್ಟೇಷನ್ನಿನಲ್ಲಿ ಚಹಾ ತೆಗೆದುಕೊಂಡರೆ ಕೊಡಲು ಚಿಲ್ಲರೆಯಿಲ್ಲ. ನೂರರ ನೋಟು ಕೊಟ್ಟೆ. ಚಹಾದವನು “ತರ್ತೀನಮ್ಮಾ” ಎಂಬಂತೆ ತೆಲುಗಿನಲ್ಲಿ ಏನೋ ಹೇಳಿ ನೋಟು ಹಿಡಿದು ಜನರ ನಡುವೆ ಮರೆಯಾದ. ರೈಲು ಹೊರಟಿತು. ಪೆಣ್ಣಮ್ಮ ಎದ್ದು, “ಅಯ್ಯೋ ಕರ್ತಾವೇ, ಹೋಯ್ತು ನೂರು!” ಎಂದು ಬೊಬ್ಬೆ ಹಾಕಿದಳು. ಎದುರಿಗಿದ್ದವರು ಸರಪಳಿ ಎಳೆಯಿರಿ ಎಂದರು. ನಾನು ನನ್ನ ಎದೆಯ ಸದ್ದು ಕೇಳಿಸಿಕೊಂಡೆ. ಮಾಮೂಲಿನಂತೆಯೇ ಇತ್ತು. ಬೇಡ ಎಂದು ಹೇಳಿ ಚಹಾ ಕುಡಿದೆ. ಏಲಕ್ಕಿ ಹಾಕಿದ್ದ, ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಹಿಂದಿನ ಬೋಗಿಯ ಕಡೆಯಿಂದ ಗಲಾಟೆ. ಚಹಾದವನು ಓಡಿ ಬಂದು ಹಿಂದಿನ ಯಾವುದೋ ಕಿಟಕಿಯೊಳಗೆ ಚಿಲ್ಲರೆ ತುರುಕಿದ್ದನಂತೆ. ಬಿಳಿ ಸೀರೆಯ ಮಲೆಯಾಳಿ ಹೆಂಗಸು ಎಂದು ಕೂಗಿ ಹೇಳಿದ್ದನಂತೆ. ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂತು. ಒಬ್ಬ ಸಿಪಾಯಿಯ ಕೈ, ಬಳೆ ತೊಟ್ಟ ಒಂದು ಕೈ, ಕಡಲೆಸಿಪ್ಪೆ ಅಂಟಿದ ಒಂದು ಕೈ, ಒಬ್ಬ ಮುದುಕರ ನಡುಗುವ ಕೈ. ಯಾರ ಭಾಷೆಯೂ ನನಗೆ ತಿಳಿಯಲಿಲ್ಲ. ಕೊನೆಗೆ ನನ್ನ ಮಡಿಲಿಗೆ ಬಂತು, ಒಂದು ರೂಪಾಯಿಯೂ ಕಡಿಮೆಯಾಗದೆ.

ಅಷ್ಟು ಕೈ ದಾಟಿ ಬಂದಿದ್ದರಿಂದ ನೋಟುಗಳು ಬೆಚ್ಚಗಿದ್ದವು, ಚೇಚಿ.

ನಿನ್ನ
ಏಲಿ